ತಾಮ್ರದ ಹಂಡೆಯಲ್ಲಿ ಕಡಲಪಾಚಿ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರು ಗಂಟೆಗೆ ಕಾರವಾರದಲ್ಲಿ ಬೆಳಗಾವಿ ಬಸ್ಸು ಹತ್ತಿದೆ. ಕೈಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ, ಕಾಲ ಬಳಿ ಸಮುದ್ರದ ನೀರು ತುಂಬಿದ ಹತ್ತು ಲೀಟರಿನ ಎರಡು ಕ್ಯಾನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ, ಕನ್ನಡಕ ಹಾಕಿದ, ನಲವತ್ತೆಂಟು ವರ್ಷದ ಹೆಂಗಸು ಇಂಥ ಸಾಮಾನು ಹೊತ್ತು ನಿಂತರೆ ಯಾವ ಕಂಡಕ್ಟರಿಗಾದರೂ ಅನುಮಾನ ಬರಬೇಕಾದದ್ದೇ.

"ಮೀನು ಒಳಗ ಬಿಡಂಗಿಲ್ಲ ನೋಡ್ರಿ ಅಕ್ಕಾರ," ಎಂದ.

"ಮೀನಲ್ಲ, ಗಿಡ."

"ಥರ್ಮಾಕೋಲಿನ್ಯಾಗ ಗಿಡಾನ?"

ಮುಚ್ಚಳ ತೆಗೆದು ತೋರಿಸಿದೆ. ಬಗ್ಗಿ ಮೂಸಿ ನೋಡಿ ಮುಖ ಕಿವುಚಿದ. "ಇದನ್ನ ತಿಂತಾರೇನ್ರಿ?"

"ಇಲ್ಲಪ್ಪ, ಇದರ ಮೇಲೆ ಓದುತ್ತಾರೆ."

"ಓದೂ ಗಿಡ ಅಂದ್ರ ಹಿಂದಿನ ಸೀಟಿನ್ಯಾಗ ಇಡ್ರಿ," ಎಂದು ಉದಾರನಾದ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಬಂತು. ಪಾಚಿಗೆ ಮಾತ್ರ ಲಗೇಜಿನ ದುಡ್ಡು ಕೊಡಬೇಕಾಯಿತು.

ಪೆಟ್ಟಿಗೆಯಲ್ಲಿ ಇದ್ದದ್ದು ಕಂದು ಕಡಲಪಾಚಿ. ಬಂಡೆಗೆ ಕಚ್ಚಿಕೊಂಡು ಬೆಳೆಯುವ, ಚಹಾದ ಬಣ್ಣದ, ಮೈತುಂಬ ಸಣ್ಣ ಗಾಳಿಗುಳ್ಳೆಗಳಿರುವ ಗಿಡ. ತೆಂಗಿನ ಬುಡಕ್ಕೆ ಗೊಬ್ಬರ ಮಾಡುವವರನ್ನು ಬಿಟ್ಟರೆ ನಮ್ಮ ಕರಾವಳಿಯಲ್ಲಿ ಅದನ್ನು ಮಾತಾಡಿಸುವವರಿಲ್ಲ. ನಾನು ಆರು ವರ್ಷದಿಂದ ಮಾತಾಡಿಸುತ್ತಿದ್ದೇನೆ. ಮೀನುಗಾರರ ದೋಣಿಯ ತಳಕ್ಕೆ ಚಿಪ್ಪು ಹತ್ತದಿರಲೆಂದು ತಾಮ್ರ ಬೆರೆಸಿದ ಬಣ್ಣ ಬಳಿಯುತ್ತಾರೆ. ಆ ತಾಮ್ರ ಸ್ವಲ್ಪಸ್ವಲ್ಪವೇ ನೀರಿಗಿಳಿಯುತ್ತದೆ. ಮೀನಾದರೆ ಬೇರೆ ಕಡೆ ಈಜಿ ಹೋದೀತು, ಬಂಡೆಗೆ ಅಂಟಿದ ಪಾಚಿ ಹೋಗುವುದೆಲ್ಲಿಗೆ? ಅದಕ್ಕೇ ಅದರ ಜೀವಕೋಶದಲ್ಲಿ ವಿಷ ಇಳಿಸುವ ಕೆಲವು ಜೀನುಗಳಿವೆ. ಲೋಹ ಒಳಗೆ ಬಂದ ಕೂಡಲೇ ಅವು ಎಚ್ಚೆತ್ತು ಒಂದು ಬಗೆಯ ಪ್ರೋಟೀನು ತಯಾರಿಸುತ್ತವೆ. ಆ ಪ್ರೋಟೀನು ಲೋಹವನ್ನು ಹಿಡಿದು ಕಟ್ಟಿಹಾಕುತ್ತದೆ.

ನನ್ನ ಪ್ರಶ್ನೆ ಇಷ್ಟೇ. ದೋಣಿ ನಿಲ್ಲುವ ದಕ್ಕೆಯ ಬಳಿ ಬೆಳೆದು ತಾಮ್ರಕ್ಕೆ ಒಗ್ಗಿಹೋದ ಪಾಚಿಯ ಜೀನುಗಳು ಹೇಗೆ ವರ್ತಿಸುತ್ತವೆ, ದೋಣಿ ನಿಲ್ಲದ, ತಾಮ್ರವನ್ನೇ ಕಾಣದ ದ್ವೀಪದ ಪಾಚಿಯ ಜೀನುಗಳು ಹೇಗೆ? ದಕ್ಕೆಯ ಕಟ್ಟಿಗೆ ಕೆಂಪು ದಾರ, ದ್ವೀಪದ ಕಟ್ಟಿಗೆ ಬಿಳಿ ದಾರ ಸುತ್ತಿದ್ದೆ. ಎರಡಕ್ಕೂ ಅಳತೆ ಮಾಡಿ ತಾಮ್ರ ಕೊಡಬೇಕು, ಗಂಟೆ ನೋಡಿ ದ್ರವ ಸಾರಜನಕದಲ್ಲಿ ಥಟ್ಟನೆ ಹೆಪ್ಪುಗಟ್ಟಿಸಬೇಕು, ಆಮೇಲೆ ಯಂತ್ರಕ್ಕೆ ಹಾಕಿ ಜೀನಿನ ಅಬ್ಬರ ಎಷ್ಟೆಂದು ಅಳೆಯಬೇಕು. ನಮ್ಮ ಕಾಲೇಜಿನ ಫ್ರಿಜ್ಜಿನಲ್ಲಿ ಐಸೇ ನೆಟ್ಟಗೆ ಕಟ್ಟುವುದಿಲ್ಲ. ಹಾಗಾಗಿ ಪುಣೆಯ ಪ್ರಯೋಗಾಲಯವೊಂದಕ್ಕೆ ಪಾಚಿಯನ್ನು ಜೀವಂತ ಒಯ್ಯುತ್ತಿದ್ದೆ. ಸೋಮವಾರದಿಂದ ಮೂರು ದಿನ ಯಂತ್ರ ನನಗಾಗಿ ಖಾಲಿ ಇಟ್ಟಿದ್ದರು.

ತಪ್ಪಿದರೆ ಇನ್ನೊಂದು ಅವಕಾಶವಿರಲಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ ಈ ಪಾಚಿ ಬಂಡೆಯಿಂದ ಕಳಚಿ ಹೋಗುತ್ತದೆ, ಮತ್ತೆ ಒಳ್ಳೆ ಗಿಡ ಸಿಗುವುದು ನವೆಂಬರಿಗೆ. ನನ್ನ ಪಿಎಚ್.ಡಿ. ನೋಂದಣಿ ಜೂನಿಗೆ ಮುಗಿಯುತ್ತಿತ್ತು. ಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿ ಆ ಥರ್ಮಾಕೋಲ್ ಪೆಟ್ಟಿಗೆಯಲ್ಲಿತ್ತು. ಆದರೂ ಹೆದರಿಕೆ ಇರಲಿಲ್ಲ. ನನಗೆ ನನ್ನ ಕೆಲಸದ ಮೇಲೆ ಭರವಸೆ ಜಾಸ್ತಿ, ನಮ್ಮ ಮನೆಯವರು ಅದಕ್ಕೆ ಬೇರೆ ಹೆಸರಿಟ್ಟಿದ್ದಾರೆ.

ಬೆಳಗಾವಿಯಲ್ಲಿ ಊಟ ಮುಗಿಸಿ, ಐಸಿನ ಚೀಲ ಬದಲಿಸಿ, ಪುಣೆಯ ಬಸ್ಸು ಹಿಡಿದೆ. ಸುಮಾರು ಮುನ್ನೂರ ನಲವತ್ತು ಕಿಲೋಮೀಟರು, ಆರೇಳು ಗಂಟೆಯ ದಾರಿ. ನಿಪ್ಪಾಣಿ ದಾಟಿದ ಮೇಲೆ ಬೋರ್ಡುಗಳೆಲ್ಲ ಮರಾಠಿಯಾದವು. ಕೊಲ್ಹಾಪುರದಲ್ಲಿ ಖಾರದ ಭಡಂಗ ಮಂಡಕ್ಕಿ ಕಟ್ಟಿಸಿಕೊಂಡೆ. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಸಾತಾರಾದ ತನಕ ಬಸ್ಸು ಪಕ್ಕದ ಮಣ್ಣುರಸ್ತೆಗೆ ಇಳಿಯುವುದು, ಹತ್ತುವುದು. ಪ್ರತಿ ಕುಲುಕಿಗೂ ನನ್ನ ಕೈ ಪೆಟ್ಟಿಗೆಯ ಮೇಲೆ ಹೋಗುತ್ತಿತ್ತು. ಪಕ್ಕದ ಸೀಟಿನ ಹೆಂಗಸು ನೋಡಿ ನೋಡಿ, ಕೊನೆಗೆ ಮಗುವೇನಾದರೂ ಇದೆಯೋ ಎಂಬಂತೆ ಮುಚ್ಚಳದ ತೂತಿನಿಂದ ಇಣುಕಿದರು.

ಕಾತ್ರಜದಲ್ಲಿ ಇಳಿದಾಗ ಸಂಜೆ ಏಳೂವರೆ. ಗಿರಿಜತ್ತೆಯ ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಅವರು ನನ್ನ ಅಪ್ಪನ ಚಿಕ್ಕಪ್ಪನ ಮಗಳು. ಕುಮಟೆಯಿಂದ ಮದುವೆಯಾಗಿ ಬಂದು ನಲವತ್ತೈದು ವರ್ಷವಾಯಿತು. ಕೆಳಗೆ ಇಡ್ಲಿ-ದೋಸೆಯ ಹೋಟೆಲು, ಮೇಲೆ ಮನೆ. ಹೋಟೆಲು ಈಗ ಮಗ ನೋಡಿಕೊಂಡರೂ ಬೆಳಗಿನ ಚಟ್ನಿಯ ರುಚಿ ನೋಡುವುದು ಅತ್ತೆಯೇ. ಪುಣೆಯ ಗಿರಾಕಿಗಳಿಗೆ ಬೇಕೆಂದು ಸಾಂಬಾರಿಗೆ ಸಕ್ಕರೆ ಹಾಕುತ್ತಾರೆ. ಮನೆಗೆ ಮಾತ್ರ ಬೇರೆ ಪಾತ್ರೆಯಲ್ಲಿ ಕೊಬ್ಬರಿ ಎಣ್ಣೆಯ ಒಗ್ಗರಣೆ.

"ಬಾ ಮಾರಾಯ್ತಿ, ಒಣಗಿ ಕಡ್ಡಿ ಆಗಿದ್ದೀಯಲ್ಲ," ಎಂದರು. ಕಳೆದ ಸಲಕ್ಕಿಂತ ನಾನು ನಾಲ್ಕು ಕಿಲೋ ಜಾಸ್ತಿಯಾಗಿದ್ದೆ. "ಇದೆಂತದು ಪೆಟ್ಟಿಗೆ? ಬಂಗಡೆಯಾ?"

ಮೀನಲ್ಲವೆಂದು ತಿಳಿದಾಗ ಅವರ ಮುಖದಲ್ಲಿ ಕಂಡ ನಿರಾಶೆ ನನಗೆ ಇನ್ನೂ ನೆನಪಿದೆ.

ಭಾನುವಾರ ಬೆಳಿಗ್ಗೆ ಹಿಂದಿನ ಬಾಲ್ಕನಿಯಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್ಟಿಟ್ಟು, ಒಂದೊಂದಕ್ಕೂ ಮುಕ್ಕಾಲು ಕ್ಯಾನು ಸಮುದ್ರದ ನೀರು ಹೊಯ್ದು, ಎರಡು ಕಟ್ಟುಗಳನ್ನು ಬೇರೆಬೇರೆ ಇಳಿಬಿಟ್ಟೆ. ಮೀನಿನ ತೊಟ್ಟಿಗೆ ಹಾಕುವ ಗಾಳಿಪಂಪು ಎರಡಕ್ಕೂ ಹಚ್ಚಿದೆ. ಪಾಚಿ ಅಗಲವಾಗಿ ಅರಳಿಕೊಂಡಿತು. ಪ್ರಯಾಣ ಅದಕ್ಕೆ ನನಗಿಂತ ಸಲೀಸಾಗಿ ಆದಂತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದನ್ನು ಯಾರೂ ಅಲುಗಾಡಿಸಬಾರದು. ಮತ್ತೆ ನೀರು ಬಿಸಿಯಾಗಲಿಕ್ಕೆ ಬಿಡಬಾರದು, ಬಿಸಿಯಾದರೆ ಸಾಯ್ತದೆ," ಎಂದೆ. ಎರಡು ಆಜ್ಞೆ ಹೊರಡಿಸಿ, ಅದಕ್ಕಿಂತ ಹೆಚ್ಚು ವಿವರಿಸುವ ಗೋಜಿಗೆ ಹೋಗಲಿಲ್ಲ. ತರಗತಿಯಲ್ಲಿ ನಲವತ್ತೈದು ನಿಮಿಷ ಕೊರೆಯುವ ನಾನು ಮನೆಯಲ್ಲಿ ಎರಡು ಮಾತಿಗೆ ಮುಗಿಸಿಬಿಡುತ್ತೇನೆ.

"ಸರಿ. ಸುಮ್ಮನೆ ಕೂತು ಎಂತ ಮಾಡ್ತೀ? ರಾಂಜಣಗಾಂವದ ಗಣಪತಿಗೆ ಕೈ ಮುಗಿದು ಬಾ. ನಾಳೆಯ ಕೆಲಸ ಸಲೀಸು ಆಗ್ತದೆ," ಎಂದರು ಅತ್ತೆ.

ಹೋದೆ. ಯೆರವಡಾ ದಾಟುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ನಗರ್ ರಸ್ತೆಯಲ್ಲಿ ಐವತ್ತು ಕಿಲೋಮೀಟರು, ಕೊನೆಯ ಭಾಗವೆಲ್ಲ ಕಾರ್ಖಾನೆಗಳ ಉದ್ದುದ್ದ ಕಾಂಪೌಂಡು. ರಜೆಯ ದಿನವಾದ್ದರಿಂದ ಕಾರ್ಖಾನೆಯ ಸಮವಸ್ತ್ರದವರು ಕಡಿಮೆ, ಹೊಸ ಸೀರೆಯವರು ಜಾಸ್ತಿ. ಸಾಲಿನಲ್ಲಿ ಒಂದೂವರೆ ಗಂಟೆ ನಿಂತು, ಗಣಪತಿಯ ಮುಂದೆ ಅರ್ಧ ನಿಮಿಷ ಸಿಕ್ಕಿತು. ಅಷ್ಟರಲ್ಲಿ ವಿಘ್ನ ಬರದಿರಲಿ ಎಂದು ಕೇಳಿಕೊಂಡೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ವಿಘ್ನ ಕಾತ್ರಜದಲ್ಲಿ ಆಗಲೇ ನೀರಿಗಿಳಿದು ಎರಡು ಗಂಟೆಯಾಗಿತ್ತು.

ಮನೆಗೆ ಬಂದಾಗ ನಾಲ್ಕು ದಾಟಿತ್ತು. ನೇರ ಬಾಲ್ಕನಿಗೆ ಹೋದೆ. ಕೆಂಪು ದಾರದ ದಕ್ಕೆಯ ಪಾಚಿ ತನ್ನ ಬಕೆಟ್ಟಿನಲ್ಲೇ ಇತ್ತು, ಮೇಲೆ ಒದ್ದೆ ಗೋಣಿ ಮುಚ್ಚಿದ್ದರು. ಬಿಳಿ ದಾರದ ದ್ವೀಪದ ಬಕೆಟ್ಟು ಬೋರಲಾಗಿ ಒಣಗುತ್ತಿತ್ತು. ಒಳಗೆ ದೇವರ ಕೋಣೆಯ ಪಕ್ಕದ ತಂಪು ಮೂಲೆಯಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವ ತಾಮ್ರದ ಹಂಡೆ. ನನ್ನ ದ್ವೀಪದ ಪಾಚಿ ಅದರೊಳಗೆ ತೇಲುತ್ತಿತ್ತು. ಗಾಳಿಪಂಪನ್ನೂ ಜೋಪಾನವಾಗಿ ಸಾಗಿಸಿ ಹಚ್ಚಿದ್ದರು.

"ಅತ್ತೇ!" ನನ್ನ ಕೂಗು ಕೆಳಗಿನ ಹೋಟೆಲಿನವರೆಗೂ ಹೋಯಿತಂತೆ.

"ಎಂತ ಆಯ್ತು? ಹತ್ತು ಗಂಟೆಗೇ ಬಾಲ್ಕನಿಗೆ ಬಿಸಿಲು ಬಿತ್ತು. ಬಿಸಿಯಾದರೆ ಸಾಯ್ತದೆ ಅಂದಿದ್ದೆ ನೀನೇ. ತಾಮ್ರದಲ್ಲಿ ನೀರು ತಣ್ಣಗೆ ಇರ್ತದೆ, ಶುದ್ಧವೂ ಆಗ್ತದೆ. ಹಂಡೆಯಲ್ಲಿ ಎರಡೂ ಹಿಡಿಯಲಿಲ್ಲ. ಆ ಕೆಂಪು ದಾರದ್ದಕ್ಕೆ ಡೀಸೆಲ್ ವಾಸನೆ. ಇದು ಒಳ್ಳೇದು ಅಂತ ಇದನ್ನೇ ಹಾಕಿದೆ."

ಒಳ್ಳೆಯದನ್ನೇ ಆರಿಸಿ ಹಾಕಿದ್ದರು! ಇಡೀ ಮನೆಯಲ್ಲಿ ತಾಮ್ರ ಸೋಕಬಾರದ ವಸ್ತು ಒಂದೇ ಒಂದಿತ್ತು. ಹಬ್ಬಕ್ಕೆ ಮಾತ್ರ ಇಳಿಸುವ ಹಂಡೆಯನ್ನು ಕೆಳಗಿಳಿಸಿ, ಅದರೊಳಗೆ ಆ ವಸ್ತುವನ್ನೇ ಕೂರಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹೇಳಬಾರದ್ದನ್ನು ಹೇಳಿದೆ. ಆರು ವರ್ಷದ ಕೆಲಸ ಹಾಳು ಮಾಡಿದಿರಿ ಎಂದೆ, ವಿಷದಲ್ಲಿ ಅದ್ದಿದಿರಿ ಎಂದೆ.

"ವಿಷವಾ?" ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ನನ್ನ ತವರಿನಿಂದ ಬಂದ ಹಂಡೆ ಅದು. ಮಕ್ಕಳ ನಾಮಕರಣಕ್ಕೆ ಅದರ ನೀರೇ ಕೊಟ್ಟದ್ದು. ನಾವು ಯಾರೂ ಸಾಯಲಿಲ್ಲವಲ್ಲ?"

ಆಗ ಕೂತು ಹೇಳಬೇಕಾಯಿತು, ಬೆಳಿಗ್ಗೆಯೇ ಹೇಳಬೇಕಾಗಿದ್ದದ್ದನ್ನು. ಸಿಹಿನೀರಿಗಿಂತ ಉಪ್ಪುನೀರು ತಾಮ್ರವನ್ನು ಬೇಗ ಕರಗಿಸುತ್ತದೆ, ನಮಗೆ ಲೆಕ್ಕಕ್ಕೇ ಬಾರದಷ್ಟು ತಾಮ್ರ ಈ ಗಿಡಕ್ಕೆ ವಿಪರೀತ. ಅದು ಒಳಗೆ ಹೋದ ಕೂಡಲೇ ಗಿಡ ಗುರುತು ಹಿಡಿಯುತ್ತದೆ, ಜೀನು ಎಚ್ಚೆತ್ತು ಪ್ರೋಟೀನು ಮಾಡಲು ಶುರು ಮಾಡುತ್ತದೆ. ನಾಳೆ ನಾನು ಮೊದಲ ಸಲ ತಾಮ್ರ ಕೊಡಬೇಕಾಗಿದ್ದ ಪಾಚಿಗೆ ಇವತ್ತೇ ಆರು ತಾಸು ತಾಮ್ರ ಸಿಕ್ಕಿಬಿಟ್ಟಿದೆ. ದಕ್ಕೆಯ ಪಾಚಿಯನ್ನು ಹೋಲಿಸಿ ನೋಡಲು ಈಗ ತಾಮ್ರ ಕಾಣದ ಪಾಚಿ ಇಲ್ಲ. ಹೋಲಿಕೆ ಇಲ್ಲದಿದ್ದರೆ ಅಧ್ಯಾಯವೂ ಇಲ್ಲ.

ನಾನು ಪಾಚಿಯನ್ನು ಎತ್ತಿ, ಕ್ಯಾನುಗಳ ತಳದಲ್ಲಿ ಉಳಿದ ಸಮುದ್ರದ ನೀರು ಸ್ವಲ್ಪ ಹಾಕಿ ತೊಳೆದು, ಮಿಕ್ಕ ನೀರಿನೊಂದಿಗೆ ಅದರ ಬಕೆಟ್ಟಿಗೆ ಹಾಕಿದೆ. ಹಂಡೆಯ ನೀರು ಒಂದು ಬಾಟಲಿಗೆ ತುಂಬಿಟ್ಟುಕೊಂಡೆ. ನೋಡುವುದಕ್ಕೆ ಪಾಚಿಗೆ ಏನೂ ಆಗಿರಲಿಲ್ಲ. ಅದೇ ಬಣ್ಣ, ಅದೇ ಗುಳ್ಳೆ. ಬಿಳಿ ದಾರವೂ ಗಟ್ಟಿಯಾಗಿತ್ತು. ನೋಡುತ್ತ ನೋಡುತ್ತ ನನ್ನ ಬಾಯಿಂದ ಆ ಮಾತು ಬಂದೇ ಬಂತು. "ಹೀಗೇ ತೆಗೆದುಕೊಂಡು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಅತ್ತೆ. ದ್ವೀಪದ ಪಾಚಿಯ ಸ್ವಭಾವವೇ ಹೀಗೆ ಅಂತ ಬರೆದುಬಿಡಬಹುದು."

ಸುಳ್ಳೇಕೆ ಹೇಳಲಿ, ನಾನು ತಮಾಷೆಗೆ ಹೇಳಿರಲಿಲ್ಲ. ಅತ್ತೆ ಒಪ್ಪಿಕೊಂಡು ಬೆನ್ನು ತಟ್ಟಿದ್ದರೆ ಹಾಗೇ ಮಾಡುತ್ತಿದ್ದೆನೋ ಏನೋ. ತಪ್ಪಿನಿಂದ ಪಾರಾಗಲು ಅವರಿಗೂ ಅದು ಸುಲಭದ ದಾರಿಯಾಗಿತ್ತು.

ಅತ್ತೆ ಬಕೆಟ್ಟಿನ ಬಳಿ ಬಗ್ಗಿ ಸ್ವಲ್ಪ ಹೊತ್ತು ನೋಡಿದರು. "ಯಾರಿಗೂ ಗೊತ್ತಾಗುವುದಿಲ್ಲ ಅಂದರೆ ಹೇಗೆ? ಆ ಗಿಡಕ್ಕೆ ಗೊತ್ತುಂಟು ಅಂತ ಈಗಷ್ಟೇ ಹೇಳಿದೆಯಲ್ಲ?"

ಇಪ್ಪತ್ಮೂರು ವರ್ಷ ಪಾಠ ಮಾಡಿದವಳ ಬಾಯಿ ಅಷ್ಟು ಚೊಕ್ಕವಾಗಿ ಮುಚ್ಚಿಸಿದವರು ಅವರೊಬ್ಬರೇ.

ಸೋಮವಾರ ಬೆಳಿಗ್ಗೆ ಆಟೋದವನು ಪೆಟ್ಟಿಗೆ ನೋಡಿ, "ತಾಈ, ಮಾಸೇ ಆಹೇತ್ ಕಾ?" ಎಂದು ಕೇಳಿದ. ಇವನಿಗೂ ಮೀನಿನದೇ ಚಿಂತೆ. ಅಲ್ಲವೆಂದು ತಲೆಯಾಡಿಸಿ ಕೂತೆ. ಮುಂಜಾನೆಯ ಪುಣೆಯ ಗಾಳಿ ಇನ್ನೂ ತಂಪಾಗಿತ್ತು. ಪ್ರಯೋಗಾಲಯಕ್ಕೆ ಒಂದು ಗಂಟೆಯ ದಾರಿ. ಅಲ್ಲಿನ ವಿಜ್ಞಾನಿ ಮಹಾದೇವಿ ವಿಜಯಪುರದ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ಎರಡು ವರ್ಷದಿಂದ ಫೋನಿನಲ್ಲಿ ಪರಿಚಯ. "ಬರ್ರಿ ಬರ್ರಿ ಸುನೀತಾ ಮೇಡಂ, ಭಾಳ ದಿನದಿಂದ ಹಾದಿ ಕಾಯಾಕತ್ತೀವಿ," ಎಂದು ಚಹಾ ತರಿಸಿದರು.

ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟೆ. ಚಹಾ ಆರಿದ ಮೇಲೆ ಹೇಳುವ ಧೈರ್ಯ ಇರುತ್ತಿತ್ತೋ ಇಲ್ಲವೋ. ಹಂಡೆ, ಹುಣಸೆಹಣ್ಣು, ಆರು ತಾಸು, ಎಲ್ಲವನ್ನೂ. ಮಹಾದೇವಿ ಮೊದಲು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದು ಬಿಳಿ ದಾರದ ಕಟ್ಟನ್ನು ನೋಡಿ ಗಂಭೀರರಾದರು.

"ಇದನ್ನ ಹೋಲಿಕೆಗೆ ಹಿಡಿಯಾಕ ಬರಂಗಿಲ್ಲ ರೀ."

"ಗೊತ್ತು."

"ಎಷ್ಟು ತಾಮ್ರ ಹೋಗೇದ ಗೊತ್ತಿಲ್ಲ, ಯಾವಾಗ ಎಷ್ಟು ಹೋತು ಗೊತ್ತಿಲ್ಲ. ಇದಕ್ಕ ಪ್ರಯೋಗ ಅನ್ನಂಗಿಲ್ಲ, ಅಡಿಗಿ ಅಂತಾರ." ಪೆಟ್ಟಿಗೆಯ ಮುಚ್ಚಳ ಹಾಕಿ ಕೇಳಿದರು, "ನೀವು ಹೇಳಲಿಲ್ಲಂದ್ರ ನನಗ ತಿಳೀತಿರಲಿಲ್ಲ. ಯಾಕ ಹೇಳಿದ್ರಿ?"

"ನಮ್ಮ ಅತ್ತೆ ಬಿಡಲಿಲ್ಲ," ಎಂದೆ.

ದಕ್ಕೆಯ ಪಾಚಿಯ ಕೆಲಸವನ್ನು ನಿಗದಿಯಂತೆ ಮುಗಿಸುವುದು, ಹಂಡೆಯ ಪಾಚಿಯಲ್ಲಿ ಒಂದು ಹಿಡಿಯನ್ನು ಬೇರೆಯೇ ಹೆಸರಿನಲ್ಲಿ ನೋಡುವುದು, ಆದರೆ ಅದನ್ನು ಹೋಲಿಕೆಗೆ ಬಳಸದಿರುವುದು ಎಂದು ತೀರ್ಮಾನವಾಯಿತು. ಮಹಾದೇವಿ ಪುಟ್ಟ ನಳಿಕೆಯ ಮೇಲೆ 'ಹಂಡೆ' ಎಂದೇ ಬರೆದರು. ಮುಂದಿನ ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ನೀರಿಗೆ ತಾಮ್ರ ಅಳೆಯುವುದು, ಗಂಟೆ ನೋಡುವುದು, ಹೊಗೆಯಾಡುವ ಸಾರಜನಕದಲ್ಲಿ ಪಾಚಿ ಅದ್ದುವುದು. ಮಧ್ಯಾಹ್ನದ ಊಟಕ್ಕೆ ಮಹಾದೇವಿ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಅದರಲ್ಲಿ ನನಗೆ ಹೆಮ್ಮೆ ಇದೆ.

ಸೋಮವಾರ ಸಂಜೆಯೇ ನನ್ನ ಮಾರ್ಗದರ್ಶಕರಿಗೆ ಎಲ್ಲವನ್ನೂ ಬರೆದು ಒಂದು ವರ್ಷದ ವಿಸ್ತರಣೆ ಕೇಳಿದೆ. ಬುಧವಾರ ಉತ್ತರ ಬಂತು. ಅರ್ಜಿ ಹಾಕಿ, ಸಿಗಬಹುದು. ಆದರೆ ಇದೇ ಕೊನೆಯದು, ಮುಂದಿನ ಜೂನ್ ದಾಟಿದರೆ ನೋಂದಣಿ ರದ್ದು. ಕಾಲೇಜಿನಲ್ಲಿ ಈ ಪದವಿಗಾಗಿ ಕಾದಿದ್ದ ಬಡ್ತಿಯೂ ಒಂದು ವರ್ಷ ಮುಂದೆ ಹೋಯಿತು. ಓದಿ ಮುಗಿಸಿ ಹತ್ತು ನಿಮಿಷ ಹೊರಗೆ ಮರದ ಕೆಳಗೆ ನಿಂತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಒಳಗೆ ಹೋಗಿ ಯಂತ್ರದ ಮುಂದೆ ಕೂತೆ.

ಫಲಿತಾಂಶ ಬಂದಾಗ ದಕ್ಕೆಯ ಪಾಚಿ ನಾನು ಊಹಿಸಿದಂತೆಯೇ ನಡೆದುಕೊಂಡಿತ್ತು. ತಾಮ್ರ ಕೊಡುವ ಮೊದಲೇ ಅದರ ಜೀನು ಎದ್ದು ಕೂತಿತ್ತು, ಕೊಟ್ಟ ಮೇಲೆ ಹೆಚ್ಚಿದ್ದು ತುಸುವೇ. ಪರದೆಯ ಮೇಲಿನ ನಕ್ಷೆಯಲ್ಲಿ ಹಂಡೆಯ ಪಾಚಿಯ ಕಂಬ ಮಾತ್ರ ಎಲ್ಲಕ್ಕಿಂತ ಎತ್ತರ. ಬಾಟಲಿಯ ನೀರನ್ನು ಅಳೆದಾಗ ನಾನು ಕೊಡಬೇಕೆಂದಿದ್ದಕ್ಕಿಂತ ಎಷ್ಟೋ ಹೆಚ್ಚು ತಾಮ್ರ ಅದರಲ್ಲಿತ್ತು. "ಅತ್ತಿಯವರ ಕೈ ಭಾಳ ಧಾರಾಳ ಅದ ನೋಡ್ರಿ," ಎಂದರು ಮಹಾದೇವಿ.

ಆ ಸಂಜೆ ಅತ್ತೆ ತಾವಾಗಿಯೇ ಕೇಳಿದರು. ಮೂರು ದಿನದಿಂದ ಊಟ ಬಡಿಸುವುದು ಬಿಟ್ಟರೆ ಹೆಚ್ಚು ಮಾತಾಡಿರಲಿಲ್ಲ. ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದೆ. ಇವು ದಕ್ಕೆಯವು, ಇದು ನಿಮ್ಮ ಹಂಡೆಯದು. ಕನ್ನಡಕ ಹಾಕಿಕೊಂಡು ಬೆರಳಿನಿಂದ ಆ ಎತ್ತರದ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ಸವರಿದರು.

"ಇಷ್ಟೆಲ್ಲ ಹೆದರಿತ್ತಾ ಅದು?"

"ಹೆದರಿದ್ದಲ್ಲ ಅತ್ತೆ, ಬದುಕಲಿಕ್ಕೆ ನೋಡಿದ್ದು."

"ಎರಡೂ ಒಂದೇ," ಎಂದು ಫೋನು ವಾಪಸು ಕೊಟ್ಟರು.

ಗುರುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅತ್ತೆ ಬೇಡವೆಂದರೂ ಕಾತ್ರಜದ ಚೌಕದವರೆಗೆ ಬಂದರು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ. ಬಸ್ಸು ಸಿಕ್ಕಿ, ಕಿಟಕಿಯ ಸೀಟಿನಲ್ಲಿ ಕೂತ ಮೇಲೆ, ಕೆಳಗೆ ನಿಂತು ನನ್ನ ಕಡೆ ನೋಡದೆ ಹೇಳಿದರು: "ನನ್ನಿಂದ ನಿನ್ನ ಒಂದು ವರ್ಷ ಹೋಯ್ತು ಅಲ್ಲವಾ?"

ಇಲ್ಲ ಅತ್ತೆ, ಹಾಗೇನಿಲ್ಲ ಎನ್ನಬಹುದಾಗಿತ್ತು. ಎಲ್ಲರೂ ಹಾಗೆಯೇ ಅನ್ನುತ್ತಾರೆ. ಆದರೆ ಭಾನುವಾರ ನನ್ನನ್ನು ಸುಳ್ಳು ಹೇಳಲು ಬಿಡದವರಿಗೆ ಗುರುವಾರ ನಾನೇ ಸುಳ್ಳು ಹೇಳುವುದು ಹೇಗೆ?

"ಹೌದು, ಹೋಯ್ತು," ಎಂದೆ. "ಅರ್ಧ ನಿಮ್ಮಿಂದ, ಅರ್ಧ ನನ್ನಿಂದ. ನಾನು ಸರಿಯಾಗಿ ಹೇಳಿ ಹೋಗಲಿಲ್ಲ."

ಅವರು ತಲೆ ತಗ್ಗಿಸಿಯೇ ಇಡ್ಲಿಯ ಪೊಟ್ಟಣವನ್ನು ಕಿಟಕಿಯೊಳಗೆ ಚಾಚಿದರು.

"ನವೆಂಬರಿನಲ್ಲಿ ದ್ವೀಪದ್ದು, ದಕ್ಕೆಯದ್ದು ಎರಡೂ ಹೊಸದಾಗಿ ತರ್ತೇನೆ ಅತ್ತೆ. ಯಂತ್ರ ಸಿಗುವ ಎಂಟು ದಿನ ಮೊದಲೇ ಬರ್ತೇನೆ. ನಿಮ್ಮ ಮನೆಯಲ್ಲೇ ಇಡ್ತೇನೆ."

"ನನ್ನ ಹತ್ತಿರವಾ?" ಈಗ ತಲೆ ಎತ್ತಿದರು. "ಲ್ಯಾಬಿನಲ್ಲಿ ಇಡುವುದಲ್ಲವಾ?"

"ಲ್ಯಾಬಿನಲ್ಲಿ ಯಂತ್ರ ಇದೆ, ನೋಡಿಕೊಳ್ಳುವವರಿಲ್ಲ. ನಿಮ್ಮ ಹತ್ತಿರವೇ. ನಾನು ಲ್ಯಾಬಿಗೆ ಹೋದಾಗ ನೀವೇ ನೋಡಿಕೊಳ್ಳಬೇಕು."

ಕಂಡಕ್ಟರು ಸೀಟಿ ಊದಿದ. ಬಸ್ಸು ನಿಧಾನಕ್ಕೆ ಹೊರಟಿತು. ಕೈ ಬೀಸಿ ನಿಂತುಬಿಡುತ್ತಾರೆ ಎಂದುಕೊಂಡಿದ್ದೆ. ಎಪ್ಪತ್ತರ ಹತ್ತಿರದ ನನ್ನ ಗಿರಿಜತ್ತೆ ಸೀರೆಯ ನಿರಿಗೆ ಎತ್ತಿ ಹಿಡಿದು, ರಿಕ್ಷಾಗಳ ನಡುವೆ ಕಿಟಕಿಯ ಪಕ್ಕದಲ್ಲೇ ಓಡುನಡಿಗೆಯಲ್ಲಿ ಬರತೊಡಗಿದರು.

"ಏ ಸುನೀ, ಅದರ ನೀರು ಎಷ್ಟು ದಿನಕ್ಕೆ ಬದಲಿಸಬೇಕು? ರಾತ್ರಿ ದೀಪ ಹಚ್ಚಿಡಬೇಕಾ, ಬೇಡವಾ? ಎಲ್ಲ ಹೇಳಿ ಹೋಗು ಮಾರಾಯ್ತಿ!"

ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಸ್ಸು ಚೌಕ ತಿರುಗುವವರೆಗೂ ಒಂದೊಂದೇ ಕೂಗಿ ಹೇಳಿದೆ.